ಸವಣೂರಿಯ ಹಲ್ಲು

ಜೂನ್ 9, ಸೋಮವಾರ

ಭಾವನಾಳ ಫೋಟೋ ನೋಡಿದೆ. ಕೈಯಲ್ಲಿ ಹಸಿರು ಪೊಟ್ಟಣ, ಕೊರಳಲ್ಲಿ ಅಂಧೇರಿಯ ದೊಡ್ಡ ಕಂಪನಿಯ ಐಡಿ ಕಾರ್ಡು, ಮುಖದ ಮೇಲೆ ನಾನು ಚೆನ್ನಾಗಿ ಬಲ್ಲ ಆ ನಗು. ನಮ್ಮ ಮನೆಯಲ್ಲಿ ಬಿಸಿಬೇಳೆಭಾತಿಗೆ ಇನ್ನೊಂದು ಚಮಚ ತುಪ್ಪ ಕೇಳುವಾಗಲೂ ಹೀಗೇ ನಗುತ್ತಿದ್ದಳು. ಫೋಟೋದ ಕೆಳಗೆ ಬರೆದಿದ್ದಾರೆ: ಬೇರಿನ ಕೊಳೆರೋಗ ತಡೆಯುವ ಹೊಸ ಬ್ಯಾಕ್ಟೀರಿಯಾ, ನಮ್ಮ ವಿಜ್ಞಾನಿ ಭಾವನಾ ಅವರ ಶೋಧ.

ಶೋಧವಂತೆ! ವಸಯಿಯ ಜುಬೇದಾಳ ವೀಳ್ಯದೆಲೆ ತೋಟದಲ್ಲಿ ಒಂದು ಸಾಲು ಪೂರ್ತಿ ಬುಡಕೊಳೆ ಬಂದು ಮಲಗಿದ್ದಾಗ, ಒಂದೇ ಒಂದು ಬಳ್ಳಿ ಏನೂ ಆಗದವಳಂತೆ ನಿಂತಿತ್ತು. ಅದರ ಬೇರಿನ ಮಣ್ಣನ್ನು ಕೆರೆದು ತಂದವಳು ನಾನು. ಆ ಮಣ್ಣಿನಿಂದ ಈ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದವಳು ನಾನು. ಲ್ಯಾಬಿನಲ್ಲಿ ಅದಕ್ಕೊಂದು ನಂಬರಿದೆ. ನಾನು ಕರೆಯುವುದು ಸವಣೂರಿ ಅಂತ, ಏಕೆಂದರೆ ಜುಬೇದಾಳ ಮಾವ ಆ ಬಳ್ಳಿಗಳನ್ನು ಸವಣೂರಿನಿಂದ ತಂದು ನೆಟ್ಟವರು. ಆಗ ಭಾವನಾ ಇನ್ನೂ ಕಾಲೇಜಿನಲ್ಲಿದ್ದಳು. ಆಮೇಲೆ ನಮ್ಮ ಲ್ಯಾಬಿಗೆ ಬಂದಳು, ನನ್ನ ಕೈಕೆಳಗೆ ಕಲಿತಳು, ಅಕ್ಕಾ ಅಕ್ಕಾ ಎಂದು ಹಿಂದೆ ಮುಂದೆ ಸುತ್ತಿದಳು, ಹೋದ ವರ್ಷ ಕೆಲಸ ಬಿಟ್ಟು ಹೋಗುವಾಗ ಬ್ಯಾಗಿನಲ್ಲಿ ಸವಣೂರಿಯ ಟ್ಯೂಬು ಇಟ್ಟುಕೊಂಡು ಹೋದಳು.

ಇದನ್ನು ಯಾರೂ ಓದುವುದಿಲ್ಲ, ಆದ್ದರಿಂದ ನೇರವಾಗಿಯೇ ಬರೆಯುತ್ತೇನೆ. ಅವಳು ಅಳಬೇಕು. ಅದನ್ನು ನಾನು ಎದುರಿಗೆ ನಿಂತು ನೋಡಬೇಕು.

ಜೂನ್ 12, ಗುರುವಾರ

ಜಯಸಿಂಹ ಅವರಿಗೆ ಫೋಟೋ ತೋರಿಸಿದೆ. ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಎರಡು ಗಾಳೆಗಳ, ಅಂದರೆ ಎರಡು ಬಾಡಿಗೆ ಶೆಡ್ಡುಗಳ, ನಮ್ಮ ಪುಟ್ಟ ಕಂಪನಿಗೆ ಅವರೇ ಯಜಮಾನರು. ಕನ್ನಡಕ ಹಣೆಗೇರಿಸಿ ನೋಡಿದರು. "ಮಣ್ಣಲ್ಲಿ ಸಿಕ್ಕಿದ್ದು ಯಾರಪ್ಪಂದು ಸುಪ್ರಜಾ ಅವ್ರೇ? ನಾವೇನು ಪೇಟೆಂಟ್ ಮಾಡ್ಸಿದ್ವಾ? ಬಿಟ್ಟಾಕಿ. ಚಾ ಕುಡೀರಿ."

ಬಿಟ್ಟು ಹಾಕುವುದು ಅವರಿಗೆ ಸಲೀಸು. ಡೀಪ್ ಫ್ರೀಜರ್ ಕೆಟ್ಟು ಎಷ್ಟು ಕಾಲವಾಯಿತು, ಅದನ್ನೂ ಬಿಟ್ಟು ಹಾಕಿದ್ದಾರೆ. ಸವಣೂರಿಯನ್ನು ಸಾಮಾನ್ಯ ಫ್ರಿಜ್ಜಿನಲ್ಲಿಟ್ಟು ತಿಂಗಳು ತಿಂಗಳೂ ಹೊಸ ಟ್ಯೂಬಿಗೆ ದಾಟಿಸಿ ಉಳಿಸಿಕೊಂಡು ಬಂದವಳು ನಾನು.

ಜುಬೇದಾ ಫೋನ್ ಮಾಡಿದ್ದಳು. ಮಳೆ ಹಿಡಿಯುವ ಮುಂಚೆ ಬುಡಕ್ಕೆ ಹಾಕುವ ಪೊಟ್ಟಣಗಳನ್ನು ಪ್ರತಿ ಜೂನಿನಲ್ಲೂ ನಾನೇ ಕೊಡುತ್ತೇನೆ. ಮುಂದಿನ ವಾರ ಅಂದೆ. ಈಗ ನನಗೆ ಬೇರೆ ಕೆಲಸವಿದೆ.

ಜೂನ್ 20, ಶುಕ್ರವಾರ

ಇವತ್ತು ನನ್ನಷ್ಟು ಸುಖಿ ಮುಂಬಯಿಯಲ್ಲಿ ಯಾರೂ ಇಲ್ಲ!

ದಾದರಿನ ಬೀಜದ ಅಂಗಡಿಯಲ್ಲಿ ಅವಳ ಹಸಿರು ಪೊಟ್ಟಣ ಕೊಂಡು ತಂದು ಹಾಲಿನ ತಟ್ಟೆಯಲ್ಲಿ ಬೆಳೆಸಿದ್ದೆ. ಕೆನೆ ತೆಗೆದ ಹಾಲು ಬೆರೆಸಿ ಮಾಡಿದ ಬಿಳಿ ತಟ್ಟೆ ಅದು. ಸವಣೂರಿಗೆ ಹಲ್ಲು ಗಟ್ಟಿಯಿದ್ದರೆ ಅಕ್ಕಪಕ್ಕದ ಹಾಲನ್ನು ಕರಗಿಸಿ ತನ್ನ ಸುತ್ತ ತಿಳಿಯಾದ ಒಂದು ಬಳೆ ಬಿಡಿಸುತ್ತದೆ. ಅದೇ ಗುಣದಿಂದ ಅದು ಕೊಳೆರೋಗದ ಬೂಷ್ಟನ್ನೂ ಬೇರಿನ ಹತ್ತಿರ ಬರಗೊಡುವುದಿಲ್ಲ. ಭಾವನಾಳ ತಟ್ಟೆ ತೆಗೆದು ನೋಡಿದರೆ ಚುಕ್ಕೆಗಳೇನೋ ದುಂಡಗೆ, ಕಿತ್ತಳೆ ಬಣ್ಣಕ್ಕೆ ತಿರುಗಿ, ಮದುಮಕ್ಕಳ ಹಾಗೆ ಹೊಳೆಯುತ್ತಿವೆ. ಬಳೆ ಮಾತ್ರ ಒಂದಕ್ಕೂ ಇಲ್ಲ. ಬೋಡುಬಾಯಿ!

ಏಕೆ ಹೀಗಾಯಿತೆಂದು ನನಗೆ ಗೊತ್ತು. ಆಯುಧ ಮಾಡಿಕೊಳ್ಳಲು ಅದಕ್ಕೂ ಶ್ರಮ ಬೇಕು. ಶತ್ರುವಿನ ಸುಳಿವಿಲ್ಲದೆ, ಹೊಟ್ಟೆ ಬಿರಿಯುವಷ್ಟು ಆಹಾರ ಸುರಿದ ಟ್ಯಾಂಕಿನಲ್ಲಿ, ಆಯುಧ ಮಾಡದ ಸೋಮಾರಿಗಳೇ ಬೇಗ ಬೇಗ ಹೆಚ್ಚುತ್ತವೆ, ಹಲ್ಲಿರುವವು ಮೂಲೆಗೆ ಬೀಳುತ್ತವೆ. ಹೊರಗಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ದೊಡ್ಡ ಕಂಪನಿ, ದೊಡ್ಡ ಟ್ಯಾಂಕು, ಅದರ ತುಂಬ ನಿಷ್ಪ್ರಯೋಜಕ ಗೊಜ್ಜು.

ಇನ್ನು ನಾನು ಏನೂ ಮಾಡಬೇಕಾಗಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಸಂಜೆ ಶಾವಿಗೆ ಪಾಯಸ ಮಾಡಿದೆ. ವಸಿಷ್ಠ ಏನು ವಿಶೇಷ ಅಂದರು. ಹೇಳಲಿಲ್ಲ. ಗಂಡನಾದರೂ ಬ್ಯಾಂಕಿನವರು, ಗುಟ್ಟು ನಿಲ್ಲುತ್ತದೆ ಅನ್ನಿ, ಆದರೂ ಹೇಳಲಿಲ್ಲ.

ಜೂನ್ 27, ಶುಕ್ರವಾರ

ಅಂಗಡಿಗೆ ಆಗಲೇ ಬಂದಿರುವ ಅವಳ ಪೊಟ್ಟಣಕ್ಕೆ ಇವತ್ತು ಅಂಧೇರಿಯಲ್ಲಿ ಬಿಡುಗಡೆ ಸಮಾರಂಭ. ರಜೆ ಹಾಕಿ ಹೋದೆ. ಯಾರೂ ಕರೆದಿರಲಿಲ್ಲ, ಆದರೂ ಹಿಂದಿನ ಸಾಲಿನಲ್ಲಿ ಕುಳಿತೆ. ಅವಳು ವೇದಿಕೆಯ ಮೇಲಿಂದ ನನ್ನನ್ನು ಕಂಡಳು, ಮಾತು ಒಂದು ಕ್ಷಣ ತಡವರಿಸಿತು. ಆ ಒಂದು ಕ್ಷಣಕ್ಕಾಗಿ ನಾನು ಮಳೆಯಲ್ಲಿ ಮೆಟ್ರೋ ಮೆಟ್ಟಿಲು ಹತ್ತಿ ಇಳಿದದ್ದು ಸಾರ್ಥಕ.

ಮನೆಗೆ ಬಂದಾಗ ವಸಿಷ್ಠ ಬಾಲ್ಕನಿಯಲ್ಲಿ ನಿಂತಿದ್ದರು. "ಇವತ್ತು ಆಷಾಢದ ಮೊದಲ್ನೇ ಶುಕ್ರವಾರ ಕಣೇ. ನಿನ್ನ ಚಾಮುಂಡಿ ಪೂಜೆ ಇಲ್ವಾ?"

ಅವರು ಹಾಗೆಂದೇ ಗೇಲಿ ಮಾಡುವುದು. ಊರವರು ಆಷಾಢ ಶುಕ್ರವಾರ ನಿಂಬೆಹಣ್ಣಿನ ದೀಪ ಹಚ್ಚಿದರೆ, ನಾನು ಕುಂಡದ ಎಲೆಬಳ್ಳಿಯ ಬುಡಕ್ಕೆ ಕೊಳೆರೋಗದ ಮಣ್ಣು ಬೆರೆಸಿ, ಅದರ ಜೊತೆ ಸವಣೂರಿಯನ್ನು ಬಿಡುತ್ತೇನೆ. ಎರಡೂ ಹೊಡೆದಾಡಿಕೊಳ್ಳಲಿ ಎಂದು. ಬಳ್ಳಿ ಬದುಕಿದರೆ ಅದರ ಬೇರಿನಿಂದ ಸವಣೂರಿಯನ್ನು ಮತ್ತೆ ಎತ್ತಿ, ಹಾಲಿನ ತಟ್ಟೆಯಲ್ಲಿ ದೊಡ್ಡ ಬಳೆ ಬಿಡಿಸಿದ್ದನ್ನು ಮಾತ್ರ ಆರಿಸಿಕೊಳ್ಳುತ್ತೇನೆ. ವರ್ಷಕ್ಕೊಮ್ಮೆ ಶತ್ರುವಿನ ಮುಖ ತೋರಿಸಬೇಕು ಅದಕ್ಕೆ. ರೋಗದ ಮಣ್ಣನ್ನು ಮನೆಗೆ ತರುವುದು ಲ್ಯಾಬಿನ ನಿಯಮಕ್ಕೆ ವಿರುದ್ಧ, ಹಾಗಾಗಿ ಯಾರಿಗೂ ಹೇಳಿಲ್ಲ. ಭಾವನಾಳಿಗೂ ಹೇಳಿಲ್ಲ. ಅವಳು ಟ್ಯೂಬು ಕದ್ದಳು, ಇದನ್ನು ಕದಿಯಲಾಗಲಿಲ್ಲ.

ಇವತ್ತು ಸುಸ್ತಾಗಿದೆ. ಮುಂದಿನ ಶುಕ್ರವಾರ ಮಾಡಿದರಾಯಿತು.

ಜುಲೈ 8, ಮಂಗಳವಾರ

ಅವಳ ಫೋನು! ಅಡುಗೆಮನೆಯಲ್ಲಿ ಒಗ್ಗರಣೆ ಸೀದು ಹೋಯಿತು, ಹೋಗಲಿ.

"ಅಕ್ಕಾ, ಗುಸ್ಸಾ ಇದೀರಾ? ಪ್ಲೀಸ್ ನಾ, ಒಂದೇ ವಿಷ್ಯ. ನಮ್ ಟ್ರಯಲ್ ಪ್ಲಾಟ್‌ನಲ್ಲಿ ಕೆಲ್ಸಾನೇ ಮಾಡ್ತಿಲ್ಲ ಅದು. ನಿಮ್ ಕೈಯಲ್ಲಿ ಆಗ್ತಿತ್ತಲ್ಲ? ಏನ್ ಡಿಫರೆನ್ಸ್?"

ನನ್ನ ಧ್ವನಿ ಎಷ್ಟು ಮೃದುವಾಗಿತ್ತೆಂದರೆ ನನಗೇ ಆಶ್ಚರ್ಯ. "ಪಾಪ, ಅದಕ್ಕೆ ಊಟ ಸಾಲ್ತಿಲ್ಲ ಅನ್ಸುತ್ತೆ ಕಣಮ್ಮ. ಪೆಪ್ಟೋನ್ ಇನ್ನೂ ಜಾಸ್ತಿ ಹಾಕು. ಸಕ್ಕರೇನೂ ಹಾಕು. ಬೇಗ ಬೇಗ ಹೊಸ ಟ್ಯಾಂಕಿಗೆ ದಾಟಿಸ್ತಾ ಇರು, ಫ್ರೆಶ್ಶಾಗಿರುತ್ತೆ."

"ಅಕ್ಕಾ, ನೀವ್ ಗ್ರೇಟ್," ಅಂದಳು. ಫೋನಿಟ್ಟು ಗಟ್ಟಿಯಾಗಿ ನಕ್ಕೆ. ಹಲ್ಲಿಲ್ಲದವಕ್ಕೇ ಇನ್ನಷ್ಟು ಹಬ್ಬದೂಟ ಬಡಿಸುತ್ತಾಳೆ ಈಗ.

ಜುಲೈ 16, ಬುಧವಾರ

ಅವಳಿಂದ ಸುದ್ದಿಯಿಲ್ಲ. ಟ್ಯಾಂಕು ಎಲ್ಲಿಗೆ ಬಂತೋ! ಲೋಕಲ್‌ನಲ್ಲಿ ಬರುವಾಗ ಅವಳ ಕಂಪನಿ ಅವಳನ್ನು ಬಾಗಿಲಾಚೆ ದಬ್ಬುವ ದೃಶ್ಯವನ್ನು ಕಲ್ಪಿಸಿಕೊಳ್ಳುತ್ತಾ ಇಳಿಯಬೇಕಾದ ಸಯನ್ ತಪ್ಪಿ ಕುರ್ಲಾಕ್ಕೆ ಹೋಗಿಬಿಟ್ಟೆ. ವಸಿಷ್ಠ ಕುಂಡ ಕಾಯುತ್ತಿದೆ ಅಂದರು. ಮಾಡುತ್ತೇನೆ ಅಂದೆ. ಆಷಾಢ ಇನ್ನೂ ಇದೆಯಲ್ಲ.

ಜುಲೈ 25, ಶುಕ್ರವಾರ

ಜುಬೇದಾ ಲ್ಯಾಬಿನ ತನಕ ಬಂದಿದ್ದಳು. ಪ್ಲಾಸ್ಟಿಕ್ ಚೀಲದಿಂದ ಒಂದು ಬಳ್ಳಿ ತೆಗೆದು ನನ್ನ ಮೇಜಿನ ಮೇಲೆ ಹಾಕಿದಳು. ಬುಡ ಕಪ್ಪಾಗಿ, ಮುಟ್ಟಿದರೆ ಜಾರುತ್ತಿತ್ತು. ಆ ವಾಸನೆ ನನಗೆ ಹೊಸದಲ್ಲ.

"ಅಕ್ಕಾರ, ಒಂದ್ ಸಾಲು ಹೊಂಟೈತ್ರಿ. ಈ ಸರ್ತಿ ನೀವು ಪೊಟ್ಟಣ ಕೊಡಲಿಲ್ಲ, ನಿಮ್ ಭಾವನಾ ಬಂದಿದ್ಲು. ಸುಪ್ರಜಕ್ಕನ ಔಷಧನ ಇದು, ಬರೇ ಪಾಕೀಟ್ ಹೊಸಾದು ಅಂದ್ಲು. ಪುಕ್ಕಟೆ ಕೊಟ್ಲು. ನಿಮ್ ಹೆಸರು ಹೇಳಿದ್ಲಂತ ಹಾಕೀವಿ ನಾವು."

ಹಾಗಾದರೆ ಅವಳ ಟ್ರಯಲ್ ಪ್ಲಾಟ್ ಜುಬೇದಾಳ ತೋಟವೇ! ನನ್ನ ಹೆಸರು ಹೇಳಿ, ನನ್ನ ಬ್ಯಾಕ್ಟೀರಿಯಾವನ್ನು, ನನಗೆ ಅದು ಸಿಕ್ಕಿದ ತೋಟಕ್ಕೇ ಹಾಕಿದ್ದಾಳೆ. ನನ್ನ ತಲೆಯೊಳಗೆ ಡೋಲು ಬಾರಿಸಿದಂತಾಯಿತು. ಇನ್ನೇನು ಬೇಕು? ಇದೇ ಸಾಕ್ಷಿ. ಫೋಟೋ ತೆಗೆದು, ಎಲ್ಲರ ಮುಂದೆ ಇಟ್ಟು, ಅವಳನ್ನು ಬೀದಿಗೆ ತರುತ್ತೇನೆ.

ಭಾನುವಾರ ಬರುತ್ತೇನೆ ಅಂದೆ. ಜುಬೇದಾ, "ಪೊಟ್ಟಣ ತರ್ತೀರಿಲ್ಲ?" ಅಂದಳು. ತರುತ್ತೇನೆ ಅಂದಿರಬೇಕು.

ಜುಲೈ 27, ಭಾನುವಾರ

ವಸಯಿ. ಕೆಸರು ಮೊಣಕಾಲಿಗೆ ಬರುತ್ತಿತ್ತು. ಜುಬೇದಾಳ ಮೈದುನ ಶರೀಫ ಗುದ್ದಲಿ ಹಿಡಿದು ರೋಗದ ಸಾಲನ್ನು ಕಿತ್ತು ಸುಡಲು ನಿಂತಿದ್ದ.

ನಾನು ತಡೆದೆ. "ಈ ಸಾಲು ಕೀಳಬೇಡಿ. ಹೀಗೇ ಇರಲಿ. ಅವರ ಔಷಧ ಕೆಲಸ ಮಾಡಲಿಲ್ಲ ಅಂತ ತೋರಿಸೋಕೆ ಬೇಕು. ದಿನ ದಿನ ಹೇಗೆ ಸಾಯುತ್ತೆ ಅಂತ ಫೋಟೋ ತೆಗೀತೀನಿ."

ಶರೀಫ ಜುಬೇದಾಳ ಮುಖ ನೋಡಿದ. "ಭಾಭೀ, ರೋಗ ನೀರಾಗ ಹರಿತೈತಿ. ಬಾಜೂ ಸಾಲಿಗೆ ಹೋದ್ರ?" ಜುಬೇದಾ ನನ್ನ ಮುಖ ನೋಡಿದಳು, ಆಮೇಲೆ, "ಅಕ್ಕಾರು ಹೇಳಾಕತ್ತಾರ ಅಂದ್ರ ಏನೋ ಐತಿ, ಇರ್ಲಿ ಬಿಡು," ಅಂದಳು. ಅವನು ಗುದ್ದಲಿ ಕೆಳಗಿಟ್ಟ.

ಒಳ್ಳೆ ಫೋಟೋಗಳು ಬಂದಿವೆ. ಪೊಟ್ಟಣ ಒಯ್ಯಲು ಮರೆತಿದ್ದೆ.

ಆಗಸ್ಟ್ 9, ಶನಿವಾರ

ಎರಡನೇ ಸಲ ಫೋಟೋ ತೆಗೆಯಲು ಹೋಗಿದ್ದೆ. ಜುಬೇದಾ ನನ್ನನ್ನು ಒಳಗೆ ಬಿಡಲಿಲ್ಲ. ಬೇಲಿಯ ಆಚೆಯಿಂದಲೇ ಮಾತಾಡಿದಳು. ಪಕ್ಕದ ಎರಡು ಸಾಲಿಗೂ ಕೊಳೆ ಹತ್ತಿದೆ. ಆ ಸಾಲನ್ನು ಕೀಳದೆ ಬಿಟ್ಟದ್ದರಿಂದಲೇ.

"ನಿಮ್ ಫೋಟೋ ಸಲುವಾಗಿ ಬಿಟ್ವಿ. ನಮ್ ಮಾವಾ ಸವಣೂರಿಂದ ಹಸೀ ಅರಿವ್ಯಾಗ ಸುತ್ತಿ, ತೊಡಿ ಮ್ಯಾಲಿಟ್ಕೊಂಡು ತಂದ ಬಳ್ಳಿ ಇವು. ಇವು ಹೋದ್ರ ನಮ್ಮನ್ಯಾಗ ಎಲಿ ಇಲ್ಲ. ನಿಮ್ಮಿಬ್ರ ಜಗಳದಾಗ ನಮ್ ಬಳ್ಳಿ ಕೈಕೂ, ಯಾಕ ಸಾಯ್ಬೇಕ್ರಿ?"

"ಅವಳು ಮಾಡಿದ್ದು ಜುಬೇದಾ, ನಾನಲ್ಲ."

"ಆಕಿ ಸುಳ್ಳು ಹೇಳಿ ಹಾಕಿದ್ಲು. ನೀವು ಖರೇ ಗೊತ್ತಿದ್ದೂ ಸುಮ್ನಿದ್ರಿ. ಬರೇ ಕ್ಯಾಮೆರಾ ತಂದ್ರಿ. ನಕ್ಕೋ ಅಕ್ಕಾರ, ಬ್ಯಾಡ, ಹೋಗ್ರಿ."

ನನಗೆ ಗೊತ್ತಿತ್ತೆಂದು ಅವಳಿಗೆ ಹೇಗೆ ಗೊತ್ತಾಯಿತು? ನನ್ನ ಮುಖವೇ ಹೇಳಿತೋ ಏನೋ. ಸಿಟ್ಟು ಬಂತು. ಭಾವನಾಳ ಮೇಲೆ ಇನ್ನಷ್ಟು. ನಾಳೆಯೇ ಲ್ಯಾಬಿಗೆ ಹೋಗಿ ಜುಬೇದಾಳಿಗೆ ಬೇಕಾದಷ್ಟು ಸವಣೂರಿ ಬೆಳೆಸಿ ಕೊಟ್ಟುಬಿಡುತ್ತೇನೆ. ಉಳಿದ ಸಾಲುಗಳ ಬುಡಕ್ಕೆ ಅದು ಬಿದ್ದರೆ ಆಯಿತು. ಅಸಲಿ ಯಾವುದು, ನಕಲಿ ಯಾವುದು ಗೊತ್ತಾಗಲಿ.

ಆಗಸ್ಟ್ 12, ಮಂಗಳವಾರ

ನನ್ನ ಟ್ಯೂಬಿನದನ್ನು ಹಾಲಿನ ತಟ್ಟೆಗೆ ಹಾಕಿದ್ದೆ.

ಬಳೆ ಇಲ್ಲ.

ಇನ್ನೊಂದು ಟ್ಯೂಬು. ಬಳೆ ಇಲ್ಲ. ಫ್ರಿಜ್ಜಿನ ಹಿಂದಿದ್ದದ್ದು. ಇಲ್ಲ. ಎಲ್ಲ ದುಂಡಗೆ, ಕಿತ್ತಳೆ ಬಣ್ಣಕ್ಕೆ, ಹೊಳೆಯುತ್ತಿವೆ.

ಆಗಸ್ಟ್ 13, ಬುಧವಾರ

ವಸಿಷ್ಠ ಅವರಿಗೆ ಎಲ್ಲ ಹೇಳಿದೆ. ಅವರು ಗೇಲಿ ಮಾಡಲಿಲ್ಲ. ಹೋಗಿ ಬಾಲ್ಕನಿಯಲ್ಲಿ ಈ ವರ್ಷ ನಾನು ಮುಟ್ಟದೇ ಬಿಟ್ಟ ಎರಡು ಎಲೆಬಳ್ಳಿ ಕುಂಡಗಳನ್ನು ನೋಡಿಕೊಂಡು ಬಂದರು. "ಈ ವರ್ಷ ಒಂದ್ ಶುಕ್ರವಾರಾನೂ ನೀನು ಮನೇಲಿರ್ಲಿಲ್ಲ," ಅಂದರು ಅಷ್ಟೇ.

ಮನೆಯಲ್ಲಿಯೇ ಇದ್ದೆ. ಬರೀ ಅವಳ ಯೋಚನೆಯಲ್ಲಿದ್ದೆ. ಅವಳದ್ದೂ ಹೋಯಿತು, ನನ್ನದೂ ಹೋಯಿತು. ಇದಕ್ಕೂ ಅವಳೇ ಕಾರಣ. ಹಾಗೆಂದು ಬರೆದಿದ್ದೇನೆ, ಆದರೆ ಬರೆದು ಓದಿದರೆ ಅಷ್ಟು ಸರಿಯಾಗಿ ಕಾಣುವುದಿಲ್ಲ.

ಆಗಸ್ಟ್ 17, ಭಾನುವಾರ

ಜುಬೇದಾಳ ಬೇಲಿಯ ಹೊರಗೆ ಕೊಡೆ ಹಿಡಿದು ನಿಂತೆ. ಕ್ಯಾಮೆರಾ ಇಲ್ಲ ಎಂದು ಖಾಲಿ ಕೈ ತೋರಿಸಿದೆ. ಎಷ್ಟೋ ಹೊತ್ತಿನ ಮೇಲೆ ಶರೀಫ ಬಂದು ಗೇಟು ತೆಗೆದ. ಜುಬೇದಾ ಜಗಲಿಯ ಮೇಲೆ ಕುಳಿತು ಎಲೆ ಕಟ್ಟುತ್ತಿದ್ದಳು, ತಲೆಯೆತ್ತಲಿಲ್ಲ.

ನಾನು ಕೀಳಲು ಬಿಡದಿದ್ದ ಆ ಸಾಲಿಗೆ ಹೋದೆ. ಪೂರ್ತಿ ಕಪ್ಪು. ಬಳ್ಳಿಗಳೆಲ್ಲ ನೆಲಕ್ಕೆ ಒರಗಿದ್ದವು. ತುದಿಯಲ್ಲಿ, ನೀರು ಹರಿದು ಹೋಗುವ ಜಾಗದಲ್ಲಿ, ಎಲ್ಲಕ್ಕಿಂತ ಹೆಚ್ಚು ರೋಗ ನಿಂತಿರಬೇಕಾದ ಕಡೆ, ಒಂದು ಬಳ್ಳಿ ಒಂದೆಲೆಯನ್ನೂ ಬಾಡಿಸದೆ ನಿಂತಿತ್ತು. ಕೆಸರಿನಲ್ಲಿ ಕುಳಿತೇಬಿಟ್ಟೆ. ಬೇರಿನ ಸುತ್ತಲ ಮಣ್ಣನ್ನು ಚಮಚದಿಂದ ಕೆರೆಯುತ್ತಾ ಅತ್ತೆ. ಯಾಕೆ ಅಂತ ಗೊತ್ತಿಲ್ಲ. ಅಳಬೇಕಾದವಳು ಅವಳು.

ಬರುವಾಗ ಜುಬೇದಾ, "ಅದು ಸಿಗ್ತೈತೇನ್ರಿ ಮತ್ತ?" ಅಂದಳು. ಗೊತ್ತಿಲ್ಲ ಅಂದೆ. ಇಷ್ಟು ದಿನಗಳಲ್ಲಿ ಅವಳಿಗೆ ನಾನು ಹೇಳಿದ ಮೊದಲ ನಿಜ ಇದು.

ಆಗಸ್ಟ್ 21, ಗುರುವಾರ

ಬಳೆ! ತಟ್ಟೆಯ ತುಂಬ ಬೇರೆ ಏನೇನೋ ಹಾಳುಮೂಳು ಬೆಳೆದಿತ್ತು, ಅದರ ನಡುವೆ ನಾಲ್ಕಾರು ಚುಕ್ಕೆಗಳ ಸುತ್ತ ನೀರಿನಷ್ಟು ತಿಳಿಯಾದ ಬಳೆ. ಕೊಳೆಯ ಎದುರಿಗಿಟ್ಟು ಕೂಡ ನೋಡುತ್ತಿದ್ದೇನೆ. ಆ ಬೂಷ್ಟು ಹತ್ತಿರ ಬಂದು ಬಂದು ನಿಂತುಬಿಡುತ್ತದೆ.

ಸವಣೂರಿ ತೋಟದಲ್ಲೇ ಇತ್ತು. ನಾವಿಬ್ಬರೂ ಅದನ್ನು ಟ್ಯೂಬಿನಲ್ಲಿ ಹುಡುಕುತ್ತಿದ್ದೆವು.

ಜಯಸಿಂಹ ಅವರ ಮುಂದೆ ನಿಂತು ಡೀಪ್ ಫ್ರೀಜರ್ ರಿಪೇರಿ ಆಗದೆ ನಾನು ಕುರ್ಚಿಯಿಂದ ಏಳುವುದಿಲ್ಲ ಅಂದೆ. ಚಾ ಕುಡೀರಿ ಅಂದರು. ಕುಡಿಯಲಿಲ್ಲ. ಮೆಕ್ಯಾನಿಕ್ ಬಂದ.

ಸೆಪ್ಟೆಂಬರ್ 7, ಭಾನುವಾರ

ಉಳಿದ ಸಾಲುಗಳ ಬುಡಕ್ಕೆಲ್ಲ ಹಾಕಿ ಎರಡು ವಾರವಾಯಿತು. ಹೊಸದಾಗಿ ಯಾವುದೂ ಕಪ್ಪಾಗಿಲ್ಲ. ಹೋದ ಮೂರು ಸಾಲು ಹೋದವೇ. ಜುಬೇದಾ ಒಂದು ಕಟ್ಟು ಎಲೆ ಕೈಗಿಟ್ಟಳು. "ಸಿಟ್ಟು ಇನ್ನೂ ಐತ್ರಿ ನನಗ. ಎಲಿ ತಗೋರಿ." ತೆಗೆದುಕೊಂಡೆ.

ಸೆಪ್ಟೆಂಬರ್ 14, ಭಾನುವಾರ

ಭಾವನಾ ಬಂದಿದ್ದಳು. ಸಯನ್‌ನ ಈ ಮೂರನೇ ಮಹಡಿಗೆ ಲಿಫ್ಟ್ ಇಲ್ಲದೆ ಹತ್ತಿ ಬಂದು ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತಳು. ಸೊರಗಿ ಹೋಗಿದ್ದಾಳೆ. ಎಲ್ಲ ಕಡೆಯಿಂದ ದೂರು, ಹಸಿರು ಪೊಟ್ಟಣ ಅಂಗಡಿಗಳಿಂದ ವಾಪಸು, ಕಂಪನಿ ಇವಳಿಗೆ ತಿಂಗಳ ಗಡುವು ಕೊಟ್ಟಿದೆ.

ಇದೇ ಗಳಿಗೆಗಾಗಿ ನಾನು ಜೂನಿನಿಂದ ಕಾದಿದ್ದು. ಕುರ್ಚಿ ತೋರಿಸಲಿಲ್ಲ. ನಿಂತಿರುವಂತೆಯೇ ಹೇಳಿದೆ: "ಪೆಪ್ಟೋನ್ ಜಾಸ್ತಿ ಹಾಕು ಅಂದೆನಲ್ಲ, ಅದು ಸುಳ್ಳು. ಬೇಕಂತಲೇ ಹೇಳಿದ್ದು. ಅದರಿಂದಲೇ ಇನ್ನೂ ಬೇಗ ಕೆಟ್ಟಿದ್ದು. ನಾನೇ ಮಾಡಿದ್ದು ಅಂತ ನಿನಗೆ ಗೊತ್ತಿರಲಿ."

ಅವಳ ಕಣ್ಣು ತುಂಬಿತು. ಅತ್ತಳು. ನಾನು ಎದುರಿಗೇ ನಿಂತು ನೋಡಿದೆ. ಅಂದುಕೊಂಡಷ್ಟು ಹೊತ್ತು ನೋಡಲಾಗಲಿಲ್ಲ, ಒಲೆಯ ಮೇಲೆ ಹಾಲಿಟ್ಟಿದ್ದೆ.

ತಿರುಗಿ ಬಂದಾಗ ಅವಳು ಮೂಗೊರೆಸಿಕೊಂಡು, "ಮೈಂನೇ ಭೀ ಚೋರಿ ಕೀ ನಾ, ಅಕ್ಕಾ, ನಾನೂ ಕದ್ದೆ. ನಿಮ್ ಹೆಸ್ರು ಹೇಳಿ ಜುಬೇದಾದೀದಿಗೂ ಕೊಟ್ಟೆ. ಅವ್ರ ಹತ್ರ ಹೋಗಿದ್ದೆ ಮೊದ್ಲು. ಗೇಟ್ ತೆಗೀಲಿಲ್ಲ," ಅಂದಳು. ಆಮೇಲೆ, "ಅದು ಪೂರ್ತಿ ಹೋಯ್ತಾ? ನಿಮ್ ಹತ್ರಾನೂ ಇಲ್ವಾ?"

ಕೆಲಸ ಉಳಿಯುತ್ತದೆಯೇ ಎಂದು ಕೇಳುತ್ತಾಳೆ ಅಂದುಕೊಂಡಿದ್ದೆ. ಅವಳು ಸವಣೂರಿಯನ್ನು ಕೇಳಿದಳು.

ಆಗ ಅವಳಿಗೆ ತಕ್ಕ ಶಿಕ್ಷೆ ನನಗೆ ಹೊಳೆಯಿತು. ಬಾಲ್ಕನಿಗೆ ಕರೆದುಕೊಂಡು ಹೋಗಿ ಎಲೆಬಳ್ಳಿಯ ಕುಂಡ ತೋರಿಸಿದೆ. ಆಷಾಢ ಶುಕ್ರವಾರದ ಕಥೆ ಎಲ್ಲ ಹೇಳಿದೆ. ಕೊಳೆಯ ಮಣ್ಣನ್ನು ಎಷ್ಟು ಬೆರೆಸಬೇಕು, ಕುಂಡದ ಕೆಳಗೆ ತಟ್ಟೆ ಯಾಕೆ ಇಡಬೇಕು, ಯಾವ ಬೇರನ್ನು ಆರಿಸಬೇಕು, ಬಳೆ ಎಷ್ಟು ಅಗಲ ಇರಬೇಕು. "ಇನ್ನು ಮೇಲೆ ಪ್ರತಿ ವರ್ಷ ಮನೆಯಲ್ಲಿ ರೋಗ ಸಾಕಬೇಕು ನೀನು. ಹಬ್ಬ, ಪ್ರವಾಸ, ಮದುವೆ, ಏನೇ ಇರಲಿ. ಸತ್ತರೆ ನಿನ್ನ ತಲೆಗೆ ಬರುತ್ತೆ. ಮೊದಲು ಜುಬೇದಾಳ ಗೇಟಿನಲ್ಲಿ ನಿಂತುಕೋ, ತೆಗೆಯುವ ತನಕ." ಹೊಸ ಟ್ಯೂಬನ್ನು ಕೈಗಿಟ್ಟು, ಕುಂಡವನ್ನೂ ಹೊರಿಸಿದೆ. ಸಂಜೆಯ ರಶ್ಶಿನಲ್ಲಿ ದಾದರಿನಲ್ಲಿ ಗಾಡಿ ಬದಲಿಸಿ ಅಂಧೇರಿಯ ತನಕ ಅದನ್ನು ಎದೆಗವಚಿಕೊಂಡು ಹೋಗಲಿ. ಬೇಕಾಗಿತ್ತು ಅವಳಿಗೆ.

ಅವಳು ಹೋದ ಮೇಲೆ ವಸಿಷ್ಠ, "ಸೇಡು ತೀರಿಸ್ಕೊಂಡ್ಯಲ್ಲ, ಸರಿ. ಎರಡು ಕುಂಡದಲ್ಲಿ ಚೆನ್ನಾಗಿರೋದನ್ನೇ ಯಾಕೆ ಕೊಟ್ಟೆ?" ಅಂದರು.

ಕೈಗೆ ಸಿಕ್ಕಿದ್ದು ಅದು, ಅಂದೆ.

ಸೆಪ್ಟೆಂಬರ್ 16, ಮಂಗಳವಾರ

ಬೆಳಿಗ್ಗೆಯೇ ಅವಳ ಫೋನು. ಇಡ್ಲಿ ಹಿಟ್ಟಿನ ಕೈಯಿತ್ತು, ಬೇಕೆಂದೇ ಬಡಿದುಕೊಳ್ಳಲಿ ಎಂದು ಬಿಟ್ಟೆ. ಎರಡನೇ ಸಲ ಬಂದಾಗ ಎತ್ತಿದೆ.

"ಅಕ್ಕಾ, ಕೆಳಗಿನ್ ಎಲೆ ಒಂದು ಪೀಲಾ ಆಗಿದೆ, ಫುಲ್ ಹಳದಿ. ಏನ್ ಮಾಡ್ಲಿ?"

ಏನಾದರೂ ಹೇಳಬಹುದಿತ್ತು. ಕುಂಡ ಬಿಸಿಲಿಗಿಡು, ಗೊಬ್ಬರ ಸುರಿ, ಏನನ್ನಾದರೂ ನಂಬುತ್ತಿದ್ದಳು ಅವಳು.

"ಬುಡ ಮುಟ್ಟಿ ನೋಡು," ಅಂದೆ. "ಗಟ್ಟಿಯಿದೆಯಾ?"

"ಗಟ್ಟಿ ಇದೆ."

"ಹಾಗಾದ್ರೆ ಎಲೆಗೆ ವಯಸ್ಸಾಗಿದೆ ಅಷ್ಟೇ. ನೀರು ಕಮ್ಮಿ ಹಾಕು. ಸಂಜೆ ಮತ್ತೆ ಫೋನ್ ಮಾಡು."